‘ಇತರೆ’ ಎಂಬ ರಜೆ

ಉದ್ಯೋಗಸ್ಥ ಮಹಿಳೆಯರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ವೇತನಸಹಿತ ಋತುಚಕ್ರ ರಜೆ ಕೊಡಬೇಕೆಂದು ಕರ್ನಾಟಕ ಸರ್ಕಾರ 2025ರ ನವೆಂಬರ್‌ನಲ್ಲಿ ಆದೇಶ ಹೊರಡಿಸಿದ್ದೇ ತಡ, ಹೊಟ್ಟೆನೋವು ಮಾಲೀಕರಿಗೆ ಶುರುವಾಯಿತು. ಬೆಂಗಳೂರಿನ ಹೋಟೆಲಿನವರು ಹೈಕೋರ್ಟಿನ ಮೆಟ್ಟಿಲೇರಿದರು. ಡಿಸೆಂಬರ್ 9ರ ಬೆಳಿಗ್ಗೆ ಬಂದ ತಡೆಯಾಜ್ಞೆ ಅಂದೇ ಹಿಂದಕ್ಕೂ ಹೋಯಿತು. ಬೆಳಗಿನ ಚಟ್ನಿ ಕೂಡ ಅಷ್ಟು ಬೇಗ ಹಳಸುವುದಿಲ್ಲ.

ಒಂದು ದಿನದ ರಜೆಗೇ ಇಷ್ಟು ಸಂಕಟಪಡುವವರಿಗೆ, ಗರ್ಭಪಾತವಾದ ಹೆಣ್ಣಿಗೆ ಆರು ವಾರಗಳ ಸಂಬಳಸಹಿತ ರಜೆಯನ್ನು 1961ರ ಹೆರಿಗೆ ಸೌಲಭ್ಯ ಕಾಯ್ದೆಯೇ ಕೊಟ್ಟಿತ್ತು, ಆ ಅವಧಿಯಲ್ಲಿ ಗೊತ್ತಿದ್ದೂ ಅವಳಿಂದ ಕೆಲಸ ಮಾಡಿಸುವುದೇ ನಿಷಿದ್ಧ, ಹೊಸ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ ಎಂದು ಯಾರಾದರೂ ಮೆಲ್ಲಗೆ, ಕೂರಿಸಿ, ನೀರು ಕೊಟ್ಟು ಹೇಳಬೇಕು. ಈ ರಜೆಯ ಬಗ್ಗೆ ಗದ್ದಲವಿಲ್ಲದಿರುವುದಕ್ಕೆ ಕಾರಣ ಸರಳ: ಇದೆಯೆಂದು ಯಾರಿಗೂ ಗೊತ್ತಿಲ್ಲ.

ನಮ್ಮ ಕಚೇರಿಯ ರಜಾ ತಂತ್ರಾಂಶವನ್ನಂತೂ ಹೊಗಳಲೇಬೇಕು. ಅದರಲ್ಲಿ ಮದುವೆಗೆ ರಜೆಯಿದೆ, ಮನೆ ಬದಲಾಯಿಸಲು ರಜೆಯಿದೆ. ಹುಟ್ಟುಹಬ್ಬಕ್ಕೆ ಅರ್ಧ ದಿನವೂ ಪಕ್ಕದಲ್ಲೊಂದು ಕೇಕಿನ ಚಿತ್ರವೂ ಇವೆ. ನಾಲ್ಕನೇ ತಿಂಗಳಲ್ಲಿ ಗರ್ಭ ಕಳೆದುಕೊಂಡ ಸಹೋದ್ಯೋಗಿಯೊಬ್ಬರು ಪಟ್ಟಿಯನ್ನು ಕೊನೆಯವರೆಗೂ ಜಾಲಾಡಿ ‘ಇತರೆ’ ಎಂಬುದನ್ನು ಒತ್ತಿದರು. ವಿವರ ಸಾಲದೆಂದು ಅರ್ಜಿ ಮರಳಿತು. ‘ಹೆರಿಗೆ ರಜೆಯಡಿ ಹಾಕಿ ಮೇಡಂ, ಸಿಸ್ಟಂ ತೆಗೆದುಕೊಳ್ಳುತ್ತದೆ’ ಎಂದು ಎಚ್‌ಆರ್ ವಿಭಾಗದ ಹುಡುಗ ಸಮಾಧಾನ ಹೇಳಿದ. ಸಿಸ್ಟಂ ತೆಗೆದುಕೊಂಡಿತು, ಆದರೆ ನಿರೀಕ್ಷಿತ ಹೆರಿಗೆಯ ದಿನಾಂಕ ತುಂಬದ ಹೊರತು ಮುಂದಕ್ಕೆ ಹೋಗಲೊಲ್ಲದು. ಆಕೆ ಆ ಖಾಲಿ ಚೌಕವನ್ನು ಬಹಳ ಹೊತ್ತು ನೋಡಿ, ಕಂಪ್ಯೂಟರ್ ಮುಚ್ಚಿ, ಗಳಿಕೆ ರಜೆಯಲ್ಲಿ ಒಂಬತ್ತು ದಿನ ಕಳೆದು ಕೆಲಸಕ್ಕೆ ಬಂದರು. ‘ಜ್ವರವಾ?’ ಎಂದು ಕೇಳಿದವರಿಗೆಲ್ಲ ಹೌದೆಂದರು.

ಕಾಯ್ದೆ ಪುರಾವೆ ಕೇಳುತ್ತದೆ, ಕೇಳಲಿ. ಆದರೆ ಆಸ್ಪತ್ರೆಯ ಚೀಟಿ ಹಿಡಿದು, ಕಾಯ್ದೆಯ ಕಲಂ ಹುಡುಕಿ, ರಕ್ತ ನಿಲ್ಲದ ಹೆಂಗಸೇ ಕಂಪನಿಗೆ ಕಾನೂನು ಪಾಠ ಹೇಳಬೇಕೆ? ಹೆಣ್ಣುಮಕ್ಕಳು ರಜೆಯ ದುರುಪಯೋಗ ಮಾಡಿಕೊಳ್ಳುತ್ತಾರೆಂದು ಟೀವಿಯಲ್ಲಿ ಕೂತು ಚಿಂತಿಸುವವರ ಮಾತು ಕೇಳಿ ಸಾಕಾಗಿದೆ.

ಮನೆಗೆಲಸದವರಿಗೆ ಈ ಆರು ವಾರಗಳೂ ಅನ್ವಯಿಸುವುದಿಲ್ಲ. ನಮ್ಮ ಬೀದಿಯಲ್ಲಿ ನಾಲ್ಕು ಮನೆಗಳ ಪಾತ್ರೆ ತೊಳೆಯುವಾಕೆ ಮೂರು ದಿನ ಕಾಣದೆ ನಾಲ್ಕನೆಯ ದಿನ ಬಂದು, ‘ಬಸಿರು ನಿಲ್ಲಲಿಲ್ಲ ಅಕ್ಕಾ’ ಎಂದು ನನ್ನ ಹೆಂಡತಿಗೆ ಹೇಳಿ, ಸಿಂಕಿನ ಮುಂದೆ ನಿಂತಳು. ಮೂರು ದಿನದ ದುಡ್ಡು ಹಿಡಿಯಬೇಡಿ ಎಂದಷ್ಟೇ ಕೇಳಿದಳು.