ಪಾರ್ಕು ಎಲ್ಲೂ ಹೋಗಿಲ್ಲ, ಸ್ವಲ್ಪ ಸರಿದಿದೆ ಅಷ್ಟೇ

ಭಾನುವಾರ ಬೆಳಿಗ್ಗೆ ಬಿಲ್ಡರ್ ಆಫೀಸಿನಿಂದ ಫೋನು. "ಸಾರ್, ಫ್ಯಾಮಿಲಿ ಸಮೇತ ಬನ್ನಿ, ಟಿಫನ್ ಇಲ್ಲೇ." ಮೂರು ವರ್ಷದಿಂದ ನಾವು ಫೋನು ಮಾಡಿದರೂ ಎತ್ತದ ಪುಣ್ಯಾತ್ಮರು ತಾವಾಗಿಯೇ ಕರೆದು ಮಸಾಲೆ ದೋಸೆ ಹಾಕುತ್ತಾರೆ ಎಂದರೆ ಏನೋ ಮಸಲತ್ತು ಇದೆ. ಗೊತ್ತಿದ್ದೂ ಹೋದೆವು. ದೋಸೆ ಅಲ್ವಾ.

ಮೈಸೂರಿನ ಬೋಗಾದಿ ಆಚೆ, ರಿಂಗ್ ರೋಡ್ ದಾಟಿ ನಮ್ಮ ಅಪಾರ್ಟ್‌ಮೆಂಟ್ ಏಳುತ್ತಿದೆ. ಏಳುತ್ತಿದೆ ಅನ್ನುವುದಕ್ಕಿಂತ ಹಾಸಿಗೆಯಲ್ಲೇ ಮಗ್ಗುಲು ಬದಲಿಸುತ್ತಿದೆ ಅನ್ನಬೇಕು. ಬ್ರೋಷರಿನಲ್ಲಿ ಪಾರ್ಕು, ಪಾರ್ಕಿನಲ್ಲಿ ನಗುವ ಮಗು, ಬಾಲ್ಕನಿಯಿಂದ ಚಾಮುಂಡಿ ಬೆಟ್ಟ ಎಲ್ಲ ಇತ್ತು. ರೇರಾ, ಅಂದರೆ ಬಿಲ್ಡರುಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ, ಅದರ ನಂಬರೂ ಇತ್ತು, ಭೂತಗನ್ನಡಿ ಹಿಡಿದರೆ ಓದುವಷ್ಟು.

ದೋಸೆ ಮುಗಿದ ಮೇಲೆ ಟೈ ಕಟ್ಟಿದ ಹುಡುಗ ಗೋಡೆ ಮೇಲೆ ಎರಡು ನಕ್ಷೆ ಬಿಟ್ಟ. "ಸಣ್ಣಪುಟ್ಟ ಬದಲಾವಣೆ ಸಾರ್." ಹಳೇ ನಕ್ಷೆಯಲ್ಲಿ ಹಸಿರು ಇದ್ದ ಕಡೆ ಹೊಸದರಲ್ಲಿ ಹಳದಿ.

"ಹಳದಿ ಏನಪ್ಪಾ?"

"ಕಮರ್ಷಿಯಲ್ ಬ್ಲಾಕ್ ಸಾರ್. ನಿಮಗೇ ಅನುಕೂಲ. ಹಾಲು ಮೊಸರು ಕೆಳಗೇ ಸಿಗುತ್ತೆ."

"ಪಾರ್ಕು?"

"ಎಲ್ಲೂ ಹೋಗಿಲ್ಲ ಸಾರ್, ಸ್ವಲ್ಪ ಸರಿದಿದೆ ಅಷ್ಟೇ."

ಹುಡುಕಿದೆ. ಟ್ರಾನ್ಸ್‌ಫಾರ್ಮರಿಗೂ ಕಾಂಪೌಂಡಿಗೂ ನಡುವೆ ಹಸಿರು ಗೀರು ಇತ್ತು. ಅಲ್ಲಿ ಹಸು ಅಡ್ಡ ನಿಂತರೆ ಬಾಲ ರಸ್ತೆಯಲ್ಲಿ ಇರುತ್ತದೆ.

ಈಗ ನಮ್ಮ ಫ್ರಿಜ್ಜಿನ ಕತೆ ಹೇಳಬೇಕು. ಎರಡು ವರ್ಷದ ಹಿಂದೆ ನನ್ನ ಹೆಂಡತಿ ಅಡುಗೆಮನೆ ಗೋಡೆಯನ್ನು ಅರ್ಧ ಅಡಿ ಸರಿಸಿ ಎಂದು ಕೇಳಿದ್ದಳು, ಫ್ರಿಜ್ ಕೂರಲಿ ಅಂತ. ಇದೇ ಹುಡುಗ ಗಾಬರಿಯಾಗಿ ಕೈ ಮುಗಿದಿದ್ದ. "ಅಯ್ಯೋ ಮೇಡಂ, ರೇರಾ ಪ್ಲಾನು. ಒಂದು ಇಟ್ಟಿಗೆ ಅಲುಗಿಸಿದರೂ ನಮ್ಮನ್ನು ಬಿಡಲ್ಲ." ನಾನು ರೇರಾ ಕಾಯ್ದೆ ತೆಗೆದು ನೋಡಿದೆ. ಪಾಪ, ಅವನು ಹೇಳಿದ್ದು ಸರಿಯೇ ಇತ್ತು. 2016ರ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಗೋಡೆ ಕಟ್ಟಿದರೂ, ತೆಗೆದರೂ, ಕೊರೆದರೂ ಅದು ಸಣ್ಣ ಬದಲಾವಣೆ ಅಲ್ಲ. ಅಂದರೆ ಅರ್ಧ ಅಡಿ ಗೋಡೆ ದೊಡ್ಡದು, ಇಡೀ ಪಾರ್ಕು ಸಣ್ಣಪುಟ್ಟ.

ಅದೇ ಸೆಕ್ಷನ್ನಿನಲ್ಲಿ ದೋಸೆಯ ರಹಸ್ಯವೂ ಇದೆ. ಲೇಔಟು, ಎಲ್ಲರಿಗೂ ಸೇರಿದ ಜಾಗ, ಇವುಗಳ ಪ್ಲಾನ್ ಬದಲಿಸಬೇಕಾದರೆ ಮನೆ ಕೊಂಡವರಲ್ಲಿ ಮೂರರಲ್ಲಿ ಎರಡು ಪಾಲು ಜನ ಮೊದಲೇ ಬರೆದು ಒಪ್ಪಿಗೆ ಕೊಡಬೇಕು. ಬಿಲ್ಡರ್ ಕೈಯಲ್ಲಿ ಉಳಿದ ಫ್ಲ್ಯಾಟು ಲೆಕ್ಕಕ್ಕಿಲ್ಲ. ನಮ್ಮಲ್ಲಿ ಬುಕ್ ಆಗಿರುವುದು 36. ಹಾಗಾದರೆ 24 ಸೈನು ಎಂದು ಹುಡುಗ ಬೋರ್ಡಿನ ಮೇಲೆ ಬರೆದ. ತಕ್ಷಣ ಮುಂದಿನ ಸಾಲಿನ ಅಂಕಲ್ ಒಬ್ಬರು ಎದ್ದು, "ನಂದೇ ನಾಲ್ಕು ಬರ್ಕೊಳ್ರಿ" ಎಂದರು. ಅವರದ್ದೊಂದು, ಹೆಂಡತಿ ಹೆಸರಲ್ಲೊಂದು, ಮಗನಿಗೊಂದು, ತಾಯಿಗೊಂದು. ಹುಡುಗ ತಲೆ ಕೆರೆದುಕೊಂಡ. ಕಾಯ್ದೆ ಪ್ರಕಾರ ಒಬ್ಬರು ಎಷ್ಟೇ ಫ್ಲ್ಯಾಟು ತೆಗೆದುಕೊಂಡಿರಲಿ, ಮನೆಯವರ ಹೆಸರಲ್ಲೇ ಇರಲಿ, ಎಲ್ಲ ಸೇರಿ ಒಬ್ಬರೇ. ಗಂಡ, ಹೆಂಡತಿ, ಮಗ, ಅತ್ತೆ ನಾಲ್ವರಿಗೂ ಒಂದೇ ಅಭಿಪ್ರಾಯ ಇರುತ್ತದೆ ಎಂದು ನಮ್ಮ ಪಾರ್ಲಿಮೆಂಟು ನಂಬಿದೆ. ಯಾವ ಮನೆ ನೋಡಿ ಬರೆದರೋ!

36 ಹೋಗಿ 33 ಆಯಿತು, 24 ಹೋಗಿ 22 ಆಯಿತು. ಅಂಕಲ್ ಮುಖ ದಪ್ಪ ಮಾಡಿಕೊಂಡು ಇನ್ನೊಂದು ದೋಸೆಗೆ ಹೇಳಿದರು. ಅದನ್ನು ಮಾತ್ರ ಯಾರೂ ಕೂಡಿಸಿ ಒಂದು ಮಾಡಲಿಲ್ಲ.

ಒಪ್ಪಿಗೆ ಪತ್ರ ನನ್ನ ಕೈಗೂ ಬಂತು. "ಅಗತ್ಯಕ್ಕೆ ತಕ್ಕಂತೆ ಮಾಡುವ ಬದಲಾವಣೆಗಳಿಗೆ" ಎಂದಷ್ಟೇ ಇತ್ತು. ಯಾವ ಬದಲಾವಣೆ ಅನ್ನುವ ಜಾಗ ಖಾಲಿ. ಪಾಸಾದ ಪ್ಲಾನ್ ತೋರಿಸಿ, ಸೈನ್ ಮಾಡುತ್ತೇನೆ ಎಂದೆ. ನೀವು ಸೈನ್ ಮಾಡಿದರೆ ತಾನೇ ಪ್ಲಾನ್ ಪಾಸಾಗೋದು ಎಂದ. ನಂತರ ಅದು ರೇರಾಗೆ ಹೋಗಬೇಕಂತೆ. ಇಷ್ಟೆಲ್ಲ ಆಗುವ ಹೊತ್ತಿಗೆ ಕಟ್ಟಿ ಮುಗಿಸುವ ವಾಯಿದೆಯೇ ಮುಗಿಯುತ್ತಲ್ಲ ಎಂದು ಹಿಂದಿನಿಂದ ಯಾರೋ ಕೂಗಿದರು. ಅದಕ್ಕೂ ಕಾಯ್ದೆಯಲ್ಲಿ ದಾರಿ ಇದೆ. ಯುದ್ಧ, ನೆರೆ, ಬರ, ಬೆಂಕಿ, ಚಂಡಮಾರುತ, ಭೂಕಂಪ ಬಂದರೆ ವಾಯಿದೆ ಮುಂದಕ್ಕೆ ಹಾಕಿಸಿಕೊಳ್ಳಬಹುದು. ಸಮುದ್ರವೇ ಇಲ್ಲದ ಮೈಸೂರಿಗೆ ಚಂಡಮಾರುತ ಎಲ್ಲಿಂದ ತರುವುದು? ಹುಡುಗ ಕಿಟಕಿಯಾಚೆ ಮೋಡ ನೋಡಿದ.

ನಾನೂ ನೋಡಿದೆ. ಪಾರ್ಕ್ ಇರಬೇಕಾದ ಜಾಗದಲ್ಲಿ ಸಾಲಾಗಿ ಗುಂಡಿ. ಗುಂಡಿಯೊಳಗಿನಿಂದ ಕಬ್ಬಿಣದ ಕಂಬಿಗಳು ತಲೆ ಎತ್ತಿ ನಿಂತಿದ್ದವು.

"ಒಪ್ಪಿಗೆ ಮೊದಲೇ ಬೇಕು ಅಂತಲ್ಲವಾ ಇರೋದು? ಪಾಯ ಆಗಲೇ ಹಾಕಿದ್ದೀರಲ್ಲ?"

"ಪಾಯ ಅಲ್ಲ ಸಾರ್, ಮಣ್ಣು ಪರೀಕ್ಷೆ."

ಕಂಬಿಗೆ ತುಕ್ಕು ಹಿಡಿದಿತ್ತು. ಒಂದರ ಮೇಲೆ ಮೇಸ್ತ್ರಿ ಟವಲ್ ಒಣಗಲು ಹಾಕಿದ್ದ.

ಸಂಜೆ ಹೊತ್ತಿಗೆ 21 ಸೈನು ಬಿದ್ದವಂತೆ. ನಾನು ಹಾಕಲಿಲ್ಲ. ರಾತ್ರಿ ಮತ್ತೆ ಫೋನು. "ಒಂದೇ ಒಂದು ಕಮ್ಮಿ ಸಾರ್. ಮುಂದಿನ ಭಾನುವಾರ ಪೂರಿ ಸಾಗು, ಜೊತೆಗೆ ಮೈಸೂರು ಪಾಕೂ ಮಾಡಿಸಿದ್ದೀವಿ."

ಪಕ್ಕದಲ್ಲಿದ್ದ ಹೆಂಡತಿ ಮೊಣಕೈಯಲ್ಲಿ ತಿವಿದಳು. "ಹಾಗಾದ್ರೆ ಆ ಫ್ರಿಜ್ ಗೋಡೆ ಕೇಳಿ."

ಕೇಳಿದೆ.

"ಅದೊಂದು ಕೇಳ್ಬೇಡಿ ಸಾರ್," ಎಂದ. "ರೇರಾ ಪ್ಲಾನು."