ಒಂಟೆಯ ಮೇಲಿನ ಬಚ್ಚನ್

ಈಜಿಪ್ಟಿನ ಬೀದಿಗಳಲ್ಲಿ ಭಾರತೀಯ ಗಂಡಸಿಗೆ ಸ್ವಂತ ಹೆಸರು ಉಳಿಯುವುದಿಲ್ಲ. ಕೈರೋದಲ್ಲಿ ಕಾಲಿಟ್ಟ ಗಳಿಗೆಯಿಂದ ನಾನು ಅಮಿತಾಭ್ ಬಚ್ಚನ್. ಐದಡಿ ನಾಲ್ಕಂಗುಲದ ಬೋಳುತಲೆಯವನನ್ನು ಹಾಗೆ ಕೂಗಲು ಕಣ್ಣು ಬೇಕಿಲ್ಲ, ವ್ಯಾಪಾರದ ಆಸೆಯೊಂದಿದ್ದರೆ ಸಾಕು. ತನ್ನನ್ನು ಮಾತ್ರ ಬರಿಯ ‘ಮೇಡಂ’ ಎನ್ನುತ್ತಾರೆಂದು ನನ್ನ ಹೆಂಡತಿಗೆ ಒಳಗೊಳಗೇ ಸಿಟ್ಟು.

ಗೀಜಾದ ಒಂಟೆಯವನೂ ಬಚ್ಚನ್ ಅಭಿಮಾನಿಯೇ. ಎದೆಯ ಮೇಲೆ ಕೈಯಿಟ್ಟು ತೀರಾ ಕಡಿಮೆ ದರ ಹೇಳಿದ. ಒಂಟೆ ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ. ಸವಾರ ಅದರ ಕತ್ತಿಗೆ ಸಾಷ್ಟಾಂಗ ಹಾಕುತ್ತಾನೆ. ಮುಂಗಾಲು ಎತ್ತಿದ ಮೇಲೆ ಆಕಾಶ ಕಾಣುತ್ತದೆ. ಖುಫು ದೊರೆಯ ಪಿರಮಿಡ್ಡಿನ ಮುಂದೆ ಸುತ್ತಾಡಿ ಬಂದು ‘ಇಳಿಸಪ್ಪಾ’ ಎಂದೆ. ಅವನು ನಕ್ಕ. ಹೇಳಿದ್ದು ಹತ್ತುವ ದರವಂತೆ, ಇಳಿಯುವುದಕ್ಕೆ ಬೇರೆ, ಅದರ ನಾಲ್ಕರಷ್ಟು!

ಹೆಂಡತಿ ಕೆಳಗಿನಿಂದಲೇ ಚೌಕಾಸಿಗಿಳಿದಳು. ಗಾಂಧಿ ಬಜಾರಿನಲ್ಲಿ ಸೇವಂತಿಗೆಗೆ ಪ್ರಯೋಗಿಸುವ ಅಸ್ತ್ರವನ್ನೇ ತೆಗೆದಳು: ಅರ್ಧಕ್ಕೆ ಕೇಳುವುದು, ಒಪ್ಪದಿದ್ದರೆ ‘ಬೇಡ ಬಿಡಿ’ ಎಂದು ತಿರುಗಿ ನೋಡದೆ ನಡೆದುಬಿಡುವುದು. ಹಾಗೆಯೇ ನಡೆದಳು. ‘ರೀ, ಗಾಬರಿಯಾಗಬೇಡಿ’ ಎಂದದ್ದು ಮಾತ್ರ ಕೇಳಿಸಿತು. ಅಷ್ಟೆತ್ತರದಲ್ಲಿ ಮಾರಾಟವಾಗದ ಸರಕಿನಂತೆ ಕುಳಿತ ನನ್ನನ್ನೂ, ದೂರವಾಗುತ್ತಿದ್ದ ಅವಳನ್ನೂ ಒಂಟೆಯವನು ಸರದಿಯಂತೆ ನೋಡಿದ. ಅವಳು ನಿಜವಾಗಿಯೂ ಬರಲಿಕ್ಕಿಲ್ಲ ಎನ್ನಿಸಿತೋ ಏನೋ, ಅರ್ಧಕ್ಕೇ ಒಂಟೆಯನ್ನು ಕೂರಿಸಿದ.

ಪಿರಮಿಡ್ಡಿನ ಒಳಹೋಗಲು ಮತ್ತೊಂದು ಟಿಕೆಟ್. ಏರುದಾರಿಯ ಎತ್ತರ ಸುಮಾರು 1.2 ಮೀಟರ್, ಅಗಲ ಅದಕ್ಕಿಂತ ಕಡಿಮೆ. ಇಳಿಯುವವರೂ ಅದರಲ್ಲೇ ಬರಬೇಕು. ನಡು ಬಗ್ಗಿಸಿ, ಮುಂದಿನವರ ಚಪ್ಪಲಿಯನ್ನೇ ದರ್ಶನ ಮಾಡುತ್ತಾ, ಬೆವರಿನಲ್ಲಿ ಮಿಂದು ರಾಜನ ಕೋಣೆ ಮುಟ್ಟಿದೆವು. ಒಳಗಿದ್ದದ್ದು ಮುಚ್ಚಳವೂ ಇಲ್ಲದ, ಖಾಲಿ ಗ್ರಾನೈಟ್ ಪೆಟ್ಟಿಗೆ. ಗೋಡೆಗಳ ಮೇಲೊಂದು ಚಿತ್ರವಿಲ್ಲ, ಅಕ್ಷರವಿಲ್ಲ. ಸುಮಾರು 23 ಲಕ್ಷ ಕಲ್ಲುಗಳನ್ನು ಪೇರಿಸಿದ್ದು ಇದಕ್ಕೇ. ನಾನು ನಾಲ್ಕೂವರೆ ಸಾವಿರ ವರ್ಷಗಳನ್ನು ನೆನೆದು ಗಂಭೀರನಾಗುವಷ್ಟರಲ್ಲಿ, ಮೂಲೆಯಿಂದೊಬ್ಬ ಬಂದು ಕೇಳದೆಯೇ ನಮ್ಮ ಫೋಟೋ ತೆಗೆದು ‘ಬಕ್ಷೀಸ್’ ಎಂದು ಕೈಚಾಚಿದ. ಫೋಟೋದಲ್ಲಿ ಇದ್ದದ್ದು ಅವನ ಹೆಬ್ಬೆರಳು.

ಸಂಜೆ ಖಾನ್ ಅಲ್-ಖಲೀಲಿ. 14ನೆಯ ಶತಮಾನದಿಂದ ವ್ಯಾಪಾರ ನಡೆಸಿಕೊಂಡು ಬಂದ ಬಜಾರು. ಹಿತ್ತಾಳೆ ದೀಪ, ಮಸಾಲೆ, ಗಾಜಿನ ಅತ್ತರು ಶೀಶೆಗಳು. ಅಲ್ಲಿನ ಲಿಪಿಯಲ್ಲಿ ಐದು ನಮ್ಮ ಸೊನ್ನೆಯಂತಿರುತ್ತದೆ, ಸೊನ್ನೆ ಬರಿಯ ಚುಕ್ಕಿ. ದೀಪಕ್ಕೆ ಅಂಟಿಸಿದ್ದ ಐನೂರರ ಚೀಟಿಗೆ ಹೆಂಡತಿ ಬೆರಳಿಟ್ಟು, ‘ಸೊನ್ನೆ ಎಂದು ನೀವೇ ಬರೆದಿದ್ದೀರಲ್ಲ, ಪುಕ್ಕಟೆ ಕೊಡಿ’ ಎಂದಳು. ಅಂಗಡಿಯವನು ಬಿದ್ದು ಬಿದ್ದು ನಕ್ಕು, ಕೆಂಪು ದಾಸವಾಳದ ಚಹಾ ತರಿಸಿದ. ಮಕ್ಕಳ ಮೇಲೆ ಆಣೆಯಿಟ್ಟು, ಹಣೆ ಚಚ್ಚಿಕೊಂಡು, ಕಡೆಗೆ ನೂರೈವತ್ತಕ್ಕೆ ಇಳಿದ.

ದೀಪವನ್ನು ಕಾಗದದಲ್ಲಿ ಸುತ್ತುತ್ತಾ ನನ್ನತ್ತ ಬಗ್ಗಿ, ‘ಬಚ್ಚನ್, ಇಂಥ ಮೇಡಂ ನನ್ನ ಅಂಗಡಿಯಲ್ಲಿರಬೇಕು. ನೂರು ಒಂಟೆ ಕೊಡುತ್ತೇನೆ’ ಎಂದ. ಪ್ರವಾಸಿಗರಿಗೆಲ್ಲ ಹೇಳುವ ತಮಾಷೆ ಅದು. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಕೇಳಿದಳು:

‘ಇಳಿಸುವ ಖರ್ಚೂ ಸೇರಿ ತಾನೇ?’