ಚಕ್ರದ ಅಳತೆ ಹೊಂದಿದರೆ ಸಾಲದು

ಚಕ್ರದ ಗಾತ್ರ ಒಂದೇ ಆಗಿದ್ದರೆ ಮೌಂಟನ್ ಬೈಕಿನ ಬಿಡಿಭಾಗಗಳನ್ನೆಲ್ಲ ಹಳೆಯ ಫ್ರೇಮಿನಿಂದ ಹೊಸದಕ್ಕೆ ಹಾಗೆಯೇ ಜೋಡಿಸಬಹುದು ಎಂಬ ಮಾತು ಹರಿದಾಡುತ್ತಿದೆ. ಅದು ತಪ್ಪು. ಸೀಟು, ಪೆಡಲ್‌ಗಳ ಮಟ್ಟಿಗೆ ತಕರಾರಿಲ್ಲ. ದೊಡ್ಡ ತೊಡಕಿರುವುದು ಹಿಂದಿನ ಚಕ್ರದ ನಡುಭಾಗವಾದ ಹಬ್‌ನಲ್ಲಿ: ಹಳೆಯ ಫ್ರೇಮುಗಳಲ್ಲಿ ಸಾಮಾನ್ಯವಾಗಿ 135 ಅಥವಾ 142 ಮಿಲಿಮೀಟರ್ ಅಗಲ, ಬೂಸ್ಟ್ ಎಂಬ ಹೊಸ ಅಳತೆಯ ಫ್ರೇಮಿನಲ್ಲಿ 148. ಫ್ರೇಮನ್ನು ಹಿಗ್ಗಿಸಿಯೋ ಅದುಮಿಯೋ ಕೂರಿಸಿ ಎನ್ನುವವರ ಸಲಹೆಯನ್ನು, ಅದರಲ್ಲೂ ಕಾರ್ಬನ್ ಫ್ರೇಮಿದ್ದರೆ, ಕಿವಿಗೇ ಹಾಕಿಕೊಳ್ಳಬೇಡಿ. 30.9 ಮಿಲಿಮೀಟರ್ ಸೀಟ್‌ಪೋಸ್ಟನ್ನು 31.6ರ ಫ್ರೇಮಿಗೆ ಶಿಮ್ (ಸಂದು ತುಂಬುವ ತೆಳು ಕೊಳವೆ) ಹಾಕಿ ಹೊಂದಿಸಬಹುದು, ತಿರುಗುಮುರುಗಾದರೆ ದಾರಿಯಿಲ್ಲ. ಬುಡದಲ್ಲಿ ದಪ್ಪವಾಗುವ ಟೇಪರ್ಡ್ ಸ್ಟೀರರ್‌ನ (ಫೋರ್ಕಿನ ಮೇಲ್ಗೊಳವೆ) ಫೋರ್ಕ್ 34 ಮಿಲಿಮೀಟರಿನ ನೇರ ಹೆಡ್‌ಟ್ಯೂಬಿನೊಳಗೆ (ಫ್ರೇಮಿನ ಮುಂಗೊಳವೆ) ಇಳಿಯುವುದೇ ಇಲ್ಲ. ಪೆಡಲ್ ಕೂರುವ ತೋಳಾದ ಕ್ರ್ಯಾಂಕ್ ಮಾತ್ರ, ಫ್ರೇಮಿಗೆ ಹೊಂದುವ ಬಾಟಮ್ ಬ್ರಾಕೆಟ್ (ಕ್ರ್ಯಾಂಕ್ ತಿರುಗುವ ಬೇರಿಂಗ್) ಕೊಂಡರೆ, ಬಹುಮಟ್ಟಿಗೆ ಉಳಿಯುತ್ತದೆ. ಕ್ರ್ಯಾಂಕಿನ ಬಳಿಯಿಂದ ಹಿಂದಿನ ಚಕ್ರದವರೆಗಿನ ಫ್ರೇಮಿನ ಕೊಳವೆಯಾದ ಚೈನ್‌ಸ್ಟೇ ಉದ್ದ ಬದಲಾಗಿದ್ದರೆ ಚೈನನ್ನೂ ಮತ್ತೆ ಅಳೆಯಬೇಕು.